ನಮ್ಮ ಮೋಟಾರು ತಗ್ಗಿದ ಕಥೆ

ಮನೆಯ ಬಾಗಿಲು ತಗ್ಗಾಗಿದ್ದರೆ ಬಂದವರು ತಲೆ ಬಗ್ಗಿಸಿ ಒಳಹೊಗಬೇಕು. ಮನೆಯ ಮೋಟಾರು ತಗ್ಗಾದರೆ ಯಾರು ಬಗ್ಗಬೇಕೆಂಬುದನ್ನು ನಾವು ತಿಳಿದದ್ದು ದೇವರಾಯನದುರ್ಗದ ದಾರಿಯಲ್ಲಿ.

ನಮ್ಮ ವಾಸ ತುಮಕೂರಿನಲ್ಲಿ. ಸಂಸಾರದ ಉಪಯೋಗಕ್ಕೆಂದು ಒಂದು ಸಣ್ಣ ಕಾರನ್ನು ಇಟ್ಟುಕೊಂಡಿದ್ದೇವೆ. ನಮ್ಮ ಮಗನು ಕೆಲಸಕ್ಕೆ ಸೇರಿದ ಮೇಲೆ, ತನ್ನ ಸಂಬಳದಲ್ಲಿ ಉಳಿಸಿದ ಹಣದಿಂದ ಅದರ ಸ್ಪ್ರಿಂಗುಗಳನ್ನೂ ಷಾಕ್ ಅಬ್ಸಾರ್ಬರುಗಳನ್ನೂ ಕಳಚಿಸಿ, ಬೇರೊಬ್ಬ ತಯಾರಕರ ಗಿಡ್ಡ ಜೋಡಿಯನ್ನು ಹಾಕಿಸಿದನು. ಗಾಡಿಯು 4 ಸೆಂಟಿಮೀಟರಿನಷ್ಟು ಕೆಳಗಿಳಿಯಿತು. ಚಕ್ರದ ಮೇಲಣ ಸಂದು ಕಿರಿದಾಗಿ, ಬಂಡಿಗೆ ಹೊಸದೊಂದು ಠೀವಿಯೇ ಬಂದಿತು. “ನೋಡುವುದಕ್ಕೆ ಅಂದವಾಗಿದೆ” ಎಂದು ನಾವೂ ಹೊಗಳಿದೆವು. ಈ ಮಾತನ್ನು ವಾಚಕರಿಂದ ಮರೆಮಾಚುವುದು ನ್ಯಾಯವಲ್ಲ.

ಸ್ಪ್ರಿಂಗಿನ ಕೆಲಸ ಭಾರವನ್ನು ಹೊರುವುದು. ಅದು ಕುಗ್ಗಿ ಚಿಮ್ಮುವಾಗ ಗಾಡಿಯು ತೊಟ್ಟಿಲಿನಂತೆ ತೂಗದ ಹಾಗೆ ತಡೆಯುವುದು ಷಾಕ್ ಅಬ್ಸಾರ್ಬರು; ಅದರೊಳಗಣ ಎಣ್ಣೆಯು ಸಣ್ಣ ರಂಧ್ರಗಳಲ್ಲಿ ನುಸುಳುತ್ತ ಆ ವೇಗವನ್ನೆಲ್ಲ ಶಾಖವಾಗಿ ಮಾರ್ಪಡಿಸುತ್ತದೆ. ಗಾಡಿ ತಗ್ಗಿದರೆ ಸ್ಪ್ರಿಂಗು ಕುಗ್ಗುವುದಕ್ಕೆ ಉಳಿಯುವ ಅವಕಾಶ ಕಡಮೆ. ಆದ ಕಾರಣ ಅದು ಮೊದಲಿಗಿಂತ ಬಿರುಸಾಗಿರಬೇಕು; ಅದಕ್ಕೆ ಹೊಂದುವ ಷಾಕ್ ಅಬ್ಸಾರ್ಬರೂ ಬೇಕು. ಹಣ ಉಳಿಸಲು ಹಳೆಯ ಸ್ಪ್ರಿಂಗಿನ ಸುತ್ತುಗಳನ್ನೇ ಕತ್ತರಿಸುವವರುಂಟು. ಹಾಗೆ ಕತ್ತರಿಸಿದ್ದು ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರದೆ ಅಪಾಯಕ್ಕೆ ದಾರಿಯಾಗುತ್ತದೆ. ನಮ್ಮ ಹುಡುಗನು ಅಂತಹ ಅವಿವೇಕವನ್ನು ಮಾಡಲಿಲ್ಲ. ಜೋಡಿ ಸರಿಯಾದುದನ್ನೇ ಕೊಂಡನು. ಚಕ್ರಗಳ ಓರೆ ಬದಲಾಗಿ ಟೈರು ಒಳಮಗ್ಗುಲಲ್ಲಿ ಸವೆಯದಂತೆ ಅಲೈನ್‌ಮೆಂಟನ್ನೂ ಮಾಡಿಸಿದನು.

ಒಂದು ಭಾನುವಾರ ನಮ್ಮ ತಾಯಿಯವರನ್ನು ಕೂರಿಸಿಕೊಂಡು, ಮನೆಯ ಐದು ಮಂದಿಯೂ ನರಸಿಂಹಸ್ವಾಮಿಯ ದರ್ಶನಕ್ಕೆ ಹೊರಟೆವು. ಅವರಿಗೆ 78 ವರ್ಷ. ಕಾಡಿನ ನಡುವೆ ನಾಮದ ಚಿಲುಮೆಯ ಕಡೆಯಿಂದ ಸಾಗಿ ಬೆಟ್ಟದ ತಿರುವುಗಳನ್ನು ಹತ್ತುವಾಗ ಮಗನ ಮುಖದಲ್ಲಿ ಹೆಮ್ಮೆಯಿತ್ತು. ಅದಕ್ಕೆ ಕಾರಣವೂ ಇತ್ತು. ಭಾರವು ನೆಲಕ್ಕೆ ಹತ್ತಿರವಾದಷ್ಟೂ ತಿರುವಿನಲ್ಲಿ ಅದು ಹೊರಮಗ್ಗುಲಿಗೆ ವಾಲುವುದು ಕಡಮೆ. ಗಾಡಿಯು ಮೊದಲಿನಂತೆ ಓಲಾಡದೆ ನೆಲವನ್ನು ಹಿಡಿದು ನಡೆಯಿತು.

ಆದರೆ ಊರು ಬಂದಲ್ಲಿ ಹಂಪು ಬಂದಿತು. ‘ಗರ್’ ಎಂದು ಹೊಟ್ಟೆಯುಜ್ಜಿದ ಶಬ್ದ ಕೇಳಿ ಎಲ್ಲರೂ ಬೆಚ್ಚಿದೆವು. ಲೆಕ್ಕ ಕಠಿಣವಾದುದಲ್ಲ. ಬರಿಯ ಗಾಡಿಗೆ ನೆಲದಿಂದ 17 ಸೆಂಟಿಮೀಟರು ಎತ್ತರವಿದ್ದಿತು; 4 ಕಳೆದು 13 ಉಳಿಯಿತು; ಐವರು ಕುಳಿತರೆ ಇನ್ನೂ ಇಳಿಯುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂತ್ರದಂತೆ ಹಂಪು 10 ಸೆಂಟಿಮೀಟರು ಎತ್ತರವಿದ್ದು ಸಾಕಷ್ಟು ಅಗಲಕ್ಕೆ ಇಳಿಜಾರಾಗಿರಬೇಕು. ಹಾಗಿದ್ದರೆ ಚಕ್ರಗಳೂ ಅದರೊಡನೆ ಏರಿ ಹೊಟ್ಟೆ ತಗಲುವುದಿಲ್ಲ. ನಮ್ಮ ಊರುಕೇರಿಗಳ ಅನೇಕ ಹಂಪುಗಳಾದರೋ ಗೋಡೆಯಂತೆ ನಿಂತಿರುತ್ತವೆ.

ಮುಂದಿನ ಹಂಪಿನಲ್ಲಿ ಮಗನು ಗಾಡಿ ನಿಲ್ಲಿಸಿ, “ಒಂದು ನಿಮಿಷ ಇಳಿಯಿರಿ” ಎಂದನು. ನಾವು ಇಳಿದೆವು, ತಾಯಿಯವರೂ ನಮ್ಮ ಕೈ ಹಿಡಿದು ಇಳಿದು, ಆಚೆಗೆ ನಡೆದು, ಮತ್ತೆ ಹತ್ತಿದರು. ಹೀಗೆ ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ. “ನೋವಾಯಿತೇನಮ್ಮಾ?” ಎಂದು ಕೇಳಿದರೆ, “ಏನೂ ಇಲ್ಲಪ್ಪ” ಎಂದರು. ರಾತ್ರಿ ನಮ್ಮ ಮನೆಯವರು ಅವರ ಸೊಂಟಕ್ಕೆ ಎಣ್ಣೆ ತಿಕ್ಕುತ್ತಿದ್ದುದನ್ನು ಕಂಡಾಗಲೇ ನಿಜ ತಿಳಿಯಿತು.

ಮರುತಿಂಗಳು ಮತ್ತೆ ಹೊರಡುವ ಮಾತು ಬಂದಾಗ ತಾಯಿಯವರು ಮೊಮ್ಮಗನನ್ನು ಕರೆದು, “ನಾನು ಬಸ್ಸಿನಲ್ಲಿ ಬರುತ್ತೇನೆ ಮಗೂ, ನಿನ್ನ ಗಾಡಿಗೆ ನಾನು ಭಾರವಾಗುವುದು ಬೇಡ” ಎಂದರು. ಅವರ ದನಿಯಲ್ಲಿ ಕೊಂಕಿರಲಿಲ್ಲ. ಆದುದರಿಂದಲೇ ಅದು ನಮಗೂ ಅವನಿಗೂ ನಾಟಿತು.

ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ತಯಾರಕರು ಸೂಚಿಸಿದ ಹಾಗೂ ನೋಂದಣಿಯಲ್ಲಿ ಬರೆದ ವಿವರಗಳಿಗೆ ಭಿನ್ನವಾಗಿ ಗಾಡಿಯನ್ನು ಮಾರ್ಪಡಿಸಕೂಡದೆನ್ನುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಆ ನಿಯಮವನ್ನು ಎತ್ತಿಹಿಡಿಯಿತು. ಈ ಸಂಗತಿಯನ್ನು ಮೊದಲೇ ವಿಚಾರಿಸದಿದ್ದುದು ಮನೆಯ ಹಿರಿಯರಾದ ನಮ್ಮದೇ ತಪ್ಪು. ಆದರೆ ಅಂದು ಮಗನ ಮನಸ್ಸನ್ನು ತಿರುಗಿಸಿದುದು ಕಾಯಿದೆಯಲ್ಲ. ಅವನು ಅಟ್ಟದ ಮೇಲಿಟ್ಟಿದ್ದ ಹಳೆಯ ಸ್ಪ್ರಿಂಗುಗಳನ್ನು ತಾನೇ ಇಳಿಸಿ ಒರೆಸುತ್ತ, “ಅಪ್ಪಾ, ಗಾಡಿ ಮಾಡಿದವರು ಹಿಂದೆ ಕೂರುವವರನ್ನೂ ಲೆಕ್ಕಕ್ಕೆ ಸೇರಿಸಿದ್ದರು. ನಾನು ಒಬ್ಬನೇ ಓಡಿಸುವುದನ್ನು ಮಾತ್ರ ಎಣಿಸಿದೆ” ಎಂದನು. ಗಾಡಿಯ ಹೊರಗೆ ನಿಂತು ಅಂದವನ್ನು ಹೊಗಳಿದ ನಾವು ಉತ್ತರವಾಗಿ ಏನನ್ನೂ ಹೇಳಲಾರದೆ ಹೋದೆವು.

ಗಾಡಿ ಮೊದಲಿನ ಎತ್ತರಕ್ಕೆ ಬಂದಿತು. ತಿರುವುಗಳಲ್ಲಿ ಈಗ ಸ್ವಲ್ಪ ವಾಲುತ್ತದೆ. ಮಗನು ನಿಧಾನವಾಗಿ ನಡೆಸುತ್ತಾನೆ. ಕಳೆದ ಸಲ ದುರ್ಗದಿಂದ ಮರಳುವಾಗ ಹಂಪುಗಳೆಲ್ಲ ದಾಟಿದುದು ತಾಯಿಯವರಿಗೆ ತಿಳಿಯಲೇ ಇಲ್ಲ. ಮಡಿಲಲ್ಲಿ ಪ್ರಸಾದದ ಪೊಟ್ಟಣವನ್ನಿಟ್ಟುಕೊಂಡು ತುಮಕೂರಿನವರೆಗೂ ನಿದ್ದೆ ಮಾಡಿದರು.