‘ಉಚಿತ’ ಸರ್ವಿಸಿಗೆ ಎಪ್ಪತ್ತೆರಡು ಕಿಲೋಮೀಟರ್

ಸಾಗರದಿಂದ ಶಿವಮೊಗ್ಗಕ್ಕೆ ಹೋಗುವ ಹೆದ್ದಾರಿಯನ್ನು ತುಳಿಯದ ಮಲೆನಾಡಿಗರು ಕಡಿಮೆ. ಆಸ್ಪತ್ರೆ, ಕೋರ್ಟು, ಕಾಲೇಜಿನ ಅಡ್ಮಿಷನ್ನು, ಮದುವೆಯ ಜವಳಿ ಹೀಗೆ ಏನಾದರೊಂದು ನೆಪ ಇದ್ದೇ ಇರುತ್ತದೆ. ಜೋಗ ನೋಡಲು ಬರುವವರಂತೂ ಈ ದಾರಿಯನ್ನು ದಾರಿಯೆಂದೇ ಎಣಿಸುವುದಿಲ್ಲ. ಜಲಪಾತಕ್ಕೆ ಮುಂಚೆ ಕಳೆಯಬೇಕಾದ ಹೊತ್ತು ಎಂದುಕೊಂಡು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಾರೆ. ಈ ಎಪ್ಪತ್ತೆರಡು ಕಿಲೋಮೀಟರನ್ನು ಗಂಟೆಗೆ ನಲವತ್ತರ ವೇಗದಲ್ಲಿ ನೋಡಬೇಕು. ಅಷ್ಟು ನಿಧಾನ ಹೋಗಲು ಈಗಿನ ಕಾಲದಲ್ಲಿ ಯಾರಿಗೂ ಕಾರಣವಿಲ್ಲ, ಹೊಸ ಮೋಟಾರ್ ಸೈಕಲ್ ಕೊಂಡು ಅದರ ಮೊದಲ ಸರ್ವಿಸಿಗೆ ಹೊರಟವರನ್ನು ಬಿಟ್ಟರೆ.

ಕಳೆದ ದಸರಾ ರಜೆಯಲ್ಲಿ ನನಗೆ ಆ ಕಾರಣ ಸಿಕ್ಕಿತು. ನನ್ನ ತಮ್ಮನ ಮಗ ಸಾಗರದಲ್ಲಿ ಪದವಿ ಓದುತ್ತಿದ್ದಾನೆ. ಮನೆ ಊರಿನಿಂದ ಇಪ್ಪತ್ತೆರಡು ಕಿ.ಮೀ. ಒಳಗೆ. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಎರಡು ಪಿರಿಯಡ್ಡು ಹೋದಂತೆಯೇ. ಸಂಜೆ ಪ್ರಯೋಗಾಲಯ ಮುಗಿಸಿ ಹೊರಬರುವಷ್ಟರಲ್ಲಿ ಕೊನೆಯ ಬಸ್ಸು ಹೋಗಿರುತ್ತದೆ. ಅಂತೂ ಗಣೇಶನ ಹಬ್ಬದ ಹೊತ್ತಿಗೆ ತಮ್ಮ ಧೈರ್ಯ ಮಾಡಿ ಸಾಲದಲ್ಲಿ ಒಂದು ನೂರಿಪ್ಪತ್ತೈದು ಸಿಸಿ ಗಾಡಿ ಕೊಡಿಸಿದ. ಮೂರು ವರ್ಷ ತಿಂಗಳು ತಿಂಗಳು ಕಂತು. ಸ್ವಲ್ಪ ಅಡಿಕೆ, ಸ್ವಲ್ಪ ಭತ್ತ ಇರುವ ಮನೆಗೆ ಇದು ಸಣ್ಣ ಮಾತಲ್ಲ.

ಸಾಗರದಲ್ಲೂ ಸರ್ವಿಸ್ ಮಾಡುವವರಿದ್ದಾರೆ. ಕಂಪನಿಯ ಅಧಿಕೃತ ಕೇಂದ್ರ ಯಾವುದಾದರೂ ಕೂಪನ್ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಗಾಡಿ ಕೊಂಡದ್ದು ಶಿವಮೊಗ್ಗದಲ್ಲಿ, ಕಾಗದಪತ್ರ ಕೆಲವು ಅಲ್ಲಿಯೇ ಬಾಕಿ. ಹಾಗಾಗಿ ಎರಡನ್ನೂ ಒಂದೇ ದಿನ ಮುಗಿಸೋಣವೆಂದು ಹೊರಟೆವು. ಅವನು ಸವಾರ, ನಾನು ಹಿಂಬದಿ. ತಲೆಗೆರಡು ಹೆಲ್ಮೆಟ್ಟು, ಎರಡಕ್ಕೂ ಐಎಸ್ಐ ಮುದ್ರೆ ಇದೆಯೆಂದು ನಾನೇ ನೋಡಿದ್ದೆ.

ಹೊರಡುವ ಮುನ್ನ ಹುಡುಗ ಒಂದು ಪ್ರಶ್ನೆ ಕೇಳಿದ. “ದೊಡ್ಡಪ್ಪ, ಪುಸ್ತಕದಲ್ಲಿ ಮೊದಲ ಸರ್ವಿಸ್ ಉಚಿತ ಅಂತ ಇದೆ. ನನ್ನ ಸ್ನೇಹಿತರು ಐನೂರು ಆರುನೂರು ಆಗುತ್ತೆ ಅಂತಾರೆ. ಯಾವುದು ನಿಜ?” ಅವನ ತರಗತಿಯಲ್ಲೇ ಇಬ್ಬರು ಆ ದುಡ್ಡು ಕೈಯಲ್ಲಿಲ್ಲವೆಂದು ಮೊದಲ ಸರ್ವಿಸನ್ನು ಮುಂದೂಡುತ್ತಾ ಬಂದು ಕೂಪನ್ನಿನ ಅವಧಿಯನ್ನೇ ಕಳೆದುಕೊಂಡಿದ್ದರಂತೆ. ಮನೆಯಲ್ಲಿ ಕೇಳಲು ಸಂಕೋಚ. ಗಾಡಿಗೆ ಇಷ್ಟು ಸಾಲ ಮಾಡಿದ ಅಪ್ಪನ ಮುಂದೆ ಮತ್ತೆ ಕೈಚಾಚುವುದು ಹೇಗೆ? ಈ ಸಂಕೋಚ ಪಾಲಕರಿಗೆ ತಿಳಿದಿರುವುದು ಒಳ್ಳೆಯದು.

ಎರಡೂ ನಿಜ. ಉಚಿತವಾದದ್ದು ಕೂಲಿ ಮಾತ್ರ. ಎಣ್ಣೆ, ಫಿಲ್ಟರು, ವಾಷರು, ಸರಪಳಿಗೆ ಬಳಿಯುವ ಜಿಡ್ಡು ಇವುಗಳಿಗೆಲ್ಲ ನಾವೇ ಕೊಡಬೇಕು, ತೆರಿಗೆ ಸಮೇತ. ಗಾಡಿ ಮಾರುವಾಗ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳಿದರೂ ಹಾರ ಹಾಕಿಸಿಕೊಂಡು ನಿಂತ ಹೊಸ ಗಾಡಿಯ ಮುಂದೆ ಯಾರಿಗೆ ಕೇಳಿಸೀತು!

ಬೆಳಗಿನ ಆರೂವರೆಗೆ ಸಾಗರ ಬಿಟ್ಟೆವು. ಮಳೆಗಾಲ ಹಿಂದೆಗೆಯುವ ದಿನಗಳು. ಮೈಲುತೂತೆಲ್ಲ ಕೆಂಪು ನೀರು ತುಂಬಿಕೊಂಡಿತ್ತು. ಭತ್ತ ಹೊಡೆ ತುಂಬುತ್ತಿತ್ತು. ಕೈಪಿಡಿಯ ಪ್ರಕಾರ ಸಾವಿರ ಕಿ.ಮೀ. ಆಗುವ ತನಕ ಐವತ್ತು ದಾಟುವಂತಿಲ್ಲ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸುವಂತಿಲ್ಲ, ಗಂಟೆಗೊಮ್ಮೆಯಾದರೂ ಇಂಜಿನ್ನಿಗೆ ವಿಶ್ರಾಂತಿ ಬೇಕು. ಹೆದ್ದಾರಿಯಲ್ಲಿ ನಲವತ್ತರಲ್ಲಿ ಹೋಗುವವನಿಗೆ ಎಲ್ಲರೂ ಹಾರನ್ನು ಹೊಡೆಯುತ್ತಾರೆ. ಹಾಲಿನ ಕ್ಯಾನು ಕಟ್ಟಿಕೊಂಡ ಹಳೆಯ ಮೊಪೆಡ್ಡೊಂದು ನಮ್ಮನ್ನು ಹಿಂದೆ ಹಾಕಿದಾಗ ಹುಡುಗನ ಬೆನ್ನು ಬಿಗಿಯಾದದ್ದು ನನಗೆ ಗೊತ್ತಾಯಿತು. ಆದರೂ ಮುಳ್ಳು ನಲವತ್ತೈದನ್ನು ದಾಟಲಿಲ್ಲ. ಹತ್ತೊಂಬತ್ತರ ವಯಸ್ಸಿಗೆ ಇದು ಕಷ್ಟದ ವ್ರತ.

ಆನಂದಪುರ ಬಂದಾಗ ಇಂಜಿನ್ನಿಗೂ ನಮಗೂ ಚಹಾದ ಹೊತ್ತು. ಇಲ್ಲಿಗೆ ಹತ್ತಿರದ ಮಲಂದೂರಿನಲ್ಲಿ ಚಂಪಕ ಸರಸು ಎಂಬ ಕಲ್ಲಿನ ಕೊಳವಿದೆ. ನಾಲ್ಕೂ ಕಡೆ ಮೆಟ್ಟಿಲು, ನಡುವೆ ನೀರಿನಲ್ಲಿ ಪುಟ್ಟ ಗುಡಿ. ಕೆಳದಿಯ ವೆಂಕಟಪ್ಪ ನಾಯಕ ಚಂಪಕಾ ಎಂಬ ಹೆಣ್ಣಿಗಾಗಿ ಕಟ್ಟಿಸಿದನೆಂದು ಜನ ಹೇಳುತ್ತಾರೆ. ಹೂಳು ತುಂಬಿ ಪೊದೆ ಬೆಳೆದಿದ್ದ ಕೊಳವನ್ನು ಇತ್ತೀಚಿನ ವರ್ಷಗಳಲ್ಲಿ ಸ್ವಚ್ಛಗೊಳಿಸಿದ್ದಾರೆ. ಸಿಲಿಂಡರು ತಣಿಯುವಷ್ಟು ಹೊತ್ತು ಮೆಟ್ಟಿಲ ಮೇಲೆ ಕೂತೆವು. ಎಷ್ಟೋ ವರ್ಷಗಳಿಂದ ಈ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡಿದವನು ನಾನು. ಬಸ್ಸು ಇಲ್ಲಿಗೆ ತಿರುಗುವುದಿಲ್ಲ.

ಅಲ್ಲಿ ಕೂತೇ ಲೆಕ್ಕ ಮಾಡಿದೆವು. ಟಾಪ್ ಗೇರಿನಲ್ಲಿ ನಲವತ್ತರ ವೇಗಕ್ಕೆ ಇಂಜಿನ್ನು ನಿಮಿಷಕ್ಕೆ ಸುಮಾರು 4000 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಶಿವಮೊಗ್ಗ ತಲುಪುವಾಗ ಮೀಟರು 650 ತೋರಿಸುತ್ತದೆ. ಅಷ್ಟು ದೂರಕ್ಕೆ ಹದಿನಾರೂ ಕಾಲು ಗಂಟೆ, ಅಂದರೆ 975 ನಿಮಿಷ. ಒಟ್ಟು 39 ಲಕ್ಷ ಸುತ್ತು. ಒಂದು ಸುತ್ತಿಗೆ ಪಿಸ್ಟನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಹಾಗಾದರೆ ಮೊದಲ ಸರ್ವಿಸಿಗೆ ಮುಂಚೆಯೇ 78 ಲಕ್ಷ ಸಲ ಅದು ಸಿಲಿಂಡರಿನ ಗೋಡೆಯನ್ನು ಸವರಿಕೊಂಡು ಹೋಗಿರುತ್ತದೆ.

ಆ ಗೋಡೆ ಕನ್ನಡಿಯಂತೆ ನುಣುಪಲ್ಲ. ಕಾರ್ಖಾನೆಯಲ್ಲಿ ಬೇಕೆಂದೇ ಅದರ ಮೇಲೆ ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೀರುಗಳನ್ನು ಎಳೆದಿರುತ್ತಾರೆ. ಎಣ್ಣೆ ಆ ಗೀರುಗಳಲ್ಲಿ ನಿಲ್ಲುತ್ತದೆ. ಗೀರುಗಳ ನಡುವಿನ ಏಣುಗಳು ಪಿಸ್ಟನ್ನಿನ ಉಂಗುರಗಳಿಗೆ ತಿಕ್ಕಿ ತಿಕ್ಕಿ ಸವೆದಾಗ ಉಂಗುರಕ್ಕೂ ಗೋಡೆಗೂ ಹೊಂದಿಕೆಯಾಗುತ್ತದೆ. ಹೊಸ ಚಪ್ಪಲಿ ಕಾಲಿಗೆ ಕೂರುವ ಹಾಗೆ ಎನ್ನಿ. ಈ ಸವೆತ ಬಹುಪಾಲು ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲೇ ಆಗಿಹೋಗುತ್ತದೆ. ಸವೆದ ಲೋಹದ ಹುಡಿ ಎಲ್ಲಿಗೆ ಹೋಯಿತು? ಎಣ್ಣೆಯೊಳಕ್ಕೆ. ಅದೇ ಎಣ್ಣೆ ಬೇರಿಂಗು, ಗೇರು, ಕ್ಲಚ್ಚುಗಳಿಗೂ ಹರಿಯುತ್ತದೆ. ಮೊದಲ ಸರ್ವಿಸನ್ನು 500ರಿಂದ 1000 ಕಿ.ಮೀ. ಒಳಗೆ ಇಟ್ಟಿರುವುದು ಇದಕ್ಕೇ. ಕಂಪನಿಯಿಂದ ಕಂಪನಿಗೆ ಅಂಕಿ ಬೇರೆ. ಕೈಪಿಡಿಯಲ್ಲಿ ದಿನಗಳ ಲೆಕ್ಕವೂ ಇರುತ್ತದೆ, ಯಾವುದು ಮೊದಲೋ ಅದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ ಜಾವಾ, ಯೆಜ್ಡಿಗಳನ್ನು ನೋಡಿದ ಹಿರಿಯರಿಗೆ ಇದು ಹೊಸದೆನಿಸಬಹುದು. 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯ ಗಾಡಿಗಳು ಎರಡು ಸ್ಟ್ರೋಕಿನವು. ಅವುಗಳ ಇಂಜಿನ್ನಿಗೆ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುತ್ತಿದ್ದರು. ಅದು ಉರಿದು ನೀಲಿ ಹೊಗೆಯಾಗಿ ಹೋಗುತ್ತಿತ್ತು. ಈಗಿನ ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಎಣ್ಣೆ ಒಳಗೇ ಸುತ್ತುತ್ತದೆ, ಕೊಳೆಯನ್ನೂ ಒಳಗೇ ಸುತ್ತಿಸುತ್ತದೆ.

ಚೋರಡಿಯಲ್ಲಿ ಕುಮುದ್ವತಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಈ ನೀರೇ ಮುಂದೆ ಶಿಕಾರಿಪುರ ತಾಲ್ಲೂಕಿನ ಅಂಜನಾಪುರ ಜಲಾಶಯ ತುಂಬಿಸುವುದು. ಕುಂಸಿ ದಾಟಿ ಆಯನೂರು ಬರುವಾಗ ಅಡಿಕೆಯ ದಟ್ಟಣೆ ಕಡಿಮೆಯಾಗಿ ಮೆಕ್ಕೆಜೋಳದ ಹೊಲಗಳು ಕಾಣಿಸುತ್ತವೆ. ಗಾಳಿಯ ಗುಣವೇ ಬೇರೆಯಾಗುತ್ತದೆ. ನಲವತ್ತರ ವೇಗದಲ್ಲಿ ಇದು ಮೂಗಿಗೆ ತಿಳಿಯುತ್ತದೆ, ಎಂಬತ್ತರಲ್ಲಿ ತಿಳಿಯದು. ತ್ಯಾವರೆಕೊಪ್ಪದ ಸಿಂಹಧಾಮದ ಫಲಕ ಕಂಡರೆ ಊರು ಬಂತೆಂದೇ ಅರ್ಥ.

ಸರ್ವಿಸ್ ಕೇಂದ್ರದಲ್ಲಿ ಗಾಡಿ ಒಪ್ಪಿಸಿದಾಗ ಒಂಬತ್ತು ದಾಟಿತ್ತು. ಮೇಸ್ತ್ರಿ ಒಳ್ಳೆಯ ಮನುಷ್ಯ. ಹಳೆಯ ಎಣ್ಣೆ ಇಳಿಸುವಾಗ ನೋಡಬಹುದೇ ಎಂದರೆ ಬನ್ನಿ ಎಂದರು. ನಾನು ಪ್ರಯೋಗಾಲಯದ ದಂಡ ಅಯಸ್ಕಾಂತವೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದೆ. (ಮೇಷ್ಟರ ಜೇಬಿನಲ್ಲಿ ಸೀಮೆಸುಣ್ಣದ ಜೊತೆ ಇಂಥವೂ ಇರುತ್ತವೆ.) ಎಣ್ಣೆಯ ತಟ್ಟೆಯಲ್ಲಿ ನಾಲ್ಕು ಬಾರಿ ಎಳೆದಾಗ ಅದರ ತುದಿಗೆ ಮೀಸೆ ಚಿಗುರಿದಂತೆ ನವಿರಾದ ಕಪ್ಪು ಹುಡಿ ಅಂಟಿಕೊಂಡಿತು. ಬಿಸಿಲಿಗೆ ಹಿಡಿದರೆ ತಟ್ಟೆಯಲ್ಲಿ ಉಳಿದ ಎಣ್ಣೆಯಲ್ಲೂ ಬೆಳ್ಳಿಯ ಮಿಣುಕು ಕಂಡಿತು. ಅಲ್ಯೂಮಿನಿಯಂ ಆದರೆ ಅಯಸ್ಕಾಂತಕ್ಕೆ ಬರುವುದಿಲ್ಲ, ನೆನಪಿರಲಿ. ಹುಡುಗ ಆ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ, “ಇದು ಇನ್ನೂ ಮೂರು ಸಾವಿರ ಕಿಲೋಮೀಟರ್ ಒಳಗೇ ಇರುತ್ತಿತ್ತಾ?” ಎಂದು ಕೇಳಿದ. ಸರ್ವಿಸ್ ತಪ್ಪಿಸಿದ ಇಬ್ಬರು ಗೆಳೆಯರು ಅವನ ಮನಸ್ಸಿಗೆ ಬಂದಿರಬೇಕು.

ಉಳಿದ ಕೆಲಸಗಳು ಸಣ್ಣವು. ಸರಪಳಿ ಹೊಸದರಲ್ಲಿ ಸ್ವಲ್ಪ ಸಡಿಲವಾಗುತ್ತದೆ, ಬಿಗಿ ಮಾಡಿದರು. ಕ್ಲಚ್ ತಂತಿ, ಬ್ರೇಕು, ನಟ್ಟು ಬೋಲ್ಟುಗಳನ್ನು ನೋಡಿದರು. ಕವಾಟಗಳ ಮೇಲೆ ಒಂದು ಹಾಳೆ ಕಾಗದದ ದಪ್ಪದಷ್ಟು ಅಂತರ ಬಿಟ್ಟಿರುತ್ತಾರೆ, ಲೋಹ ಕಾದಾಗ ಹಿಗ್ಗಲು ಜಾಗ ಬೇಕಲ್ಲ, ಅದನ್ನೂ ಪರೀಕ್ಷಿಸಿದರು. ಮುಗಿಯಲು ಒಂದು ಗಂಟೆಯಾಗುತ್ತದೆ ಎಂದಾಗ ಸಿಟಿ ಬಸ್ಸು ಹಿಡಿದು ಕೋಟೆಯ ಕಡೆ ಹೋದೆವು.

ತುಂಗೆಯ ದಂಡೆಗೆ ಹತ್ತಿರ ಶಿವಪ್ಪ ನಾಯಕನ ಅರಮನೆಯಿದೆ. ಈಗ ವಸ್ತುಸಂಗ್ರಹಾಲಯ. ಭಾರಿ ಮರದ ಕಂಬಗಳು, ಅಂಗಳದಲ್ಲಿ ಸುತ್ತಲಿನ ಊರುಗಳಿಂದ ತಂದ ಶಿಲ್ಪಗಳು. ಜನ ಒಂದು ಫೋಟೋ ತೆಗೆದುಕೊಂಡು ಹೊರಡುತ್ತಾರೆ. ನನಗೆ ಈ ನಾಯಕನ ಬಗ್ಗೆ ಗೌರವ ಇರುವುದು ಅವನ ಯುದ್ಧಗಳಿಗಾಗಿ ಅಲ್ಲ, ಶಿಸ್ತಿಗಾಗಿ. 1645ರಿಂದ 1660ರವರೆಗೆ ಆಳಿದ ಈತ ಭೂಮಿಯನ್ನು ಮಣ್ಣಿನ ಗುಣ, ನೀರಿನ ಅನುಕೂಲಗಳ ಮೇಲೆ ದರ್ಜೆಗಳಾಗಿ ವಿಂಗಡಿಸಿ, ಯಾವ ನೆಲಕ್ಕೆ ಎಷ್ಟು ಕಂದಾಯ ಎಂದು ಗೊತ್ತುಮಾಡಿದ. ‘ಶಿವಪ್ಪ ನಾಯಕನ ಶಿಸ್ತು’ ಎಂದು ಹೆಸರಾದದ್ದು ಈ ಏರ್ಪಾಟೇ. ಎಷ್ಟು ಕೊಡಬೇಕೆಂಬುದು ರೈತನಿಗೆ ಮೊದಲೇ ತಿಳಿದಿರಬೇಕು ಎನ್ನುವುದು ಎಷ್ಟು ದೊಡ್ಡ ಮಾತು! ಅರಮನೆಯ ಜಗಲಿಯಲ್ಲಿ ಇದನ್ನು ಹೇಳುತ್ತಿದ್ದಾಗ ಹುಡುಗ ನಕ್ಕ. “ಹಾಗಾದರೆ ಗಾಡಿ ಕೊಳ್ಳುವ ದಿನವೇ ಸರ್ವಿಸಿನ ಶಿಸ್ತೂ ಕೇಳಬೇಕಿತ್ತು” ಎಂದ. ಕೇಳಬಹುದು. ಎಣ್ಣೆ ಎಷ್ಟು ಲೀಟರು, ದರ ಎಷ್ಟು, ಮೊದಲ ಸರ್ವಿಸಿಗೆ ಕೈಯಿಂದ ಎಷ್ಟು ಎಂದು ಕೇಳಿ ಕೈಪಿಡಿಯ ಹಿಂಬದಿಯಲ್ಲೇ ಬರೆಸಿಕೊಳ್ಳಬಹುದು.

ಬಿಲ್ಲು ಬಂತು. ಕೂಲಿ ಸೊನ್ನೆ. ಎಣ್ಣೆ 380 ರೂಪಾಯಿ, ಫಿಲ್ಟರು 70, ವಾಷರು 15, ಸರಪಳಿಯ ಜಿಡ್ಡು 60, ಇತರೆ 40. ಇಲ್ಲಿಗೆ 565. ಆದರೆ ಕೆಳಗೆ ಇನ್ನೆರಡು ಸಾಲು: ಇಂಜಿನ್ ರಕ್ಷಣೆಯ ದ್ರವವೊಂದಕ್ಕೆ 250, ತುಕ್ಕು ಹಿಡಿಯದ ಲೇಪಕ್ಕೆ 600. ನಾವು ಕೇಳಿರಲಿಲ್ಲ. ಕೈಪಿಡಿಯ ಮೊದಲ ಸರ್ವಿಸಿನ ಪಟ್ಟಿಯಲ್ಲೂ ಇಲ್ಲ. ಹುಡುಗ ಕೈಪಿಡಿಯ ಪುಟವನ್ನು ತೆರೆದು ಕೌಂಟರಿನ ಮೇಲಿಟ್ಟು, “ಇದರಲ್ಲಿ ಎಲ್ಲಿದೆ ಸಾರ್?” ಎಂದು ಮೆಲ್ಲಗೆ ಕೇಳಿದ. ಜಗಳವಿಲ್ಲ, ದನಿ ಏರಿಸಲಿಲ್ಲ. ಗುಮಾಸ್ತೆ ಎರಡು ಸಾಲನ್ನೂ ಅಳಿಸಿ ಹೊಸ ಬಿಲ್ಲು ಕೊಟ್ಟರು. ದ್ರವವನ್ನಾಗಲಿ ಲೇಪವನ್ನಾಗಲಿ ಇನ್ನೂ ಹಾಕಿರಲೇ ಇಲ್ಲ. ದಿನಕ್ಕೆ ಎಷ್ಟು ಜನ ಓದದೆ ಕೊಟ್ಟು ಹೋಗುತ್ತಾರೋ!

ಪೆಟ್ರೋಲು ಹೋಗಿ ಬರಲು ಸುಮಾರು 310, ಊಟ ತಿಂಡಿ 160, ಸಿಟಿ ಬಸ್ಸು 40. ಸರ್ವಿಸ್ ಸೇರಿ 1075 ರೂಪಾಯಿ. ಸಾಗರದಲ್ಲೇ ಮಾಡಿಸಿದ್ದರೆ ಅರ್ಧದಲ್ಲಿ ಮುಗಿಯುತ್ತಿತ್ತು, ಕೊಳವೂ ಅರಮನೆಯೂ ಇರುತ್ತಿರಲಿಲ್ಲ.

ಹಿಂದಿರುಗುವಾಗ ಆಯನೂರಿನಲ್ಲಿ ಸುಟ್ಟ ಜೋಳ ತಿನ್ನುತ್ತಾ ಹುಡುಗ ಮುಂದಿನ ಸರ್ವಿಸಿನ ಲೆಕ್ಕ ತೆಗೆದ. ಇನ್ನು ಮೂರು ಸಾವಿರ ಕಿ.ಮೀ.ಗೆ ಎಂದು ಪುಸ್ತಕದಲ್ಲಿದೆ. ಆರುನೂರು ರೂಪಾಯಿ ಎಂದಿಟ್ಟುಕೊಂಡರೆ ಕಿಲೋಮೀಟರಿಗೆ ಇಪ್ಪತ್ತು ಪೈಸೆ. ಕಾಲೇಜಿಗೆ ಹೋಗಿ ಬರಲು ನಲವತ್ತನಾಲ್ಕು ಕಿಲೋಮೀಟರು, ದಿನಕ್ಕೆ ಎಂಟು ರೂಪಾಯಿ ಎಂಬತ್ತು ಪೈಸೆ. ಕ್ಯಾಂಟೀನಿನ ಒಂದು ಚಹಾ ಬಿಟ್ಟರೆ ಆಯಿತು ಎಂದ. ಅಡಿಗೆಮನೆಯಲ್ಲಿ ಖಾಲಿಯಾದ ಹಾರ್ಲಿಕ್ಸ್ ಬಾಟಲಿಯೊಂದು ಇದೆಯಂತೆ, ಅದನ್ನು ಅಮ್ಮನ ಹತ್ತಿರ ಕೇಳಿ ಇಟ್ಟುಕೊಳ್ಳುತ್ತೇನೆ ಎಂದು ಹೇಳಿ ಹೆಲ್ಮೆಟ್ಟು ಹಾಕಿಕೊಂಡ. ಕುಂಸಿಯ ಹತ್ತಿರ ಮಳೆ ಹಿಡಿಯಿತು; ನಲವತ್ತೂ ಹೆಚ್ಚೆನಿಸಿ ಮೂವತ್ತಕ್ಕೆ ಇಳಿದೆವು.