ಮೂರು ಕಡೆ ಗೋಡೆ, ನಾಲ್ಕನೇ ಕಡೆ ಹೊಳೆ

ಬೆಳಗಿನ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿದೆ. ಆಳಂದ ಊರು ದಾಟಿದ್ದೇ ತಡ, ರಸ್ತೆಯ ಎರಡೂ ಬದಿ ಎರೆಹೊಲ. ತೊಗರಿ ರಾಶಿ ಯಾವಾಗಲೋ ಮುಗಿದಿದೆ. ಬಾಯಿ ಬಿಟ್ಟ ನೆಲದಲ್ಲಿ ಕೂಳೆ ಮಾತ್ರ ನಿಂತಿದೆ. ದೂರದಲ್ಲಿ ಬೇವಿನ ಮರಗಳ ಗುಂಪು ಕಾಣುತ್ತದೆ. ಹತ್ತಿರ ಹೋದಂತೆ ಮೊದಲು ಕಿವಿಗೆ ಬೀಳುವುದು ಧಡುಮ್ಮೆನ್ನುವ ಸದ್ದು, ಅದರ ಬೆನ್ನಿಗೇ ಹುಡುಗರ ಕೇಕೆ.

ಪಾವಟಿಗಿ ಬಾವಿ, ಅಂದರೆ ಮೆಟ್ಟಿಲ ಬಾವಿ. ಅಂಚಿಗೆ ನಿಂತು ಬಗ್ಗಿ ನೋಡಿದರೆ ಕರಿಕಲ್ಲಿನ ಗೋಡೆ ನೇರವಾಗಿ ಕೆಳಗಿಳಿದಿದೆ. ಗೋಡೆಯ ಸಂದುಗಳಲ್ಲಿ ಪಾರಿವಾಳ, ಅರ್ಧ ಬಾವಿಗೆ ನೆರಳು, ಅರ್ಧಕ್ಕೆ ಹಸಿರು ಹೊಳಪು. ಎಂಟು ವರ್ಷದವನೊಬ್ಬನ ಬೆನ್ನಿಗೆ ಖಾಲಿ ಪ್ಲಾಸ್ಟಿಕ್ ಕ್ಯಾನು ಕಟ್ಟಿದ್ದಾರೆ. ಅವನ ಅಜ್ಜನ ಕಾಲದಲ್ಲಿ ಆ ಜಾಗದಲ್ಲಿ ಒಣಗಿದ ಸೋರೆಬುರುಡೆ ಇರುತ್ತಿತ್ತು. ಹಗ್ಗದ ಇನ್ನೊಂದು ತುದಿ ಕಾಕಾನ ಕೈಯಲ್ಲಿ.

"ಕಾಲ್ ಬಡೀಲೇ, ಕೈ ಆಮ್ಯಾಲ!" ಎನ್ನುತ್ತಾನೆ ಕಾಕಾ. ನಿಮ್ಮ ಕಡೆ ತಿರುಗಿ, "ನಿಮಗ ಈಸಾಕ ಬರ್ತದೇನ್ರಿ? ಬರ್ತದಂದ್ರ ಇಳೀರಿ. ಪಾವಟಿಗಿ ಮ್ಯಾಲ ಪಾಚಿ ಅದ, ಹುಷಾರು."

ಇಳಿಯುತ್ತೀರಿ. ಹತ್ತು ಮೆಟ್ಟಿಲು ಕೆಳಗೆ ಗಾಳಿಯೇ ಬದಲಾಗುತ್ತದೆ. ನೀರಿಗೆ ಬಿದ್ದ ಕ್ಷಣ ಎದೆ ಝಲ್ಲೆಂದು ಉಸಿರು ಹಿಡಿಯುತ್ತದೆ. ಅಂಗಾತ ತೇಲಿದರೆ ಮೇಲೆ ಚೌಕಾಕಾರದ ಆಕಾಶ, ಅದರ ಅಂಚಿಗೆ ಸಾಲಾಗಿ ಹುಡುಗರ ತಲೆಗಳು. ಮೆಕ್ಸಿಕೋದ ಯುಕಟಾನ್ ನಾಡಿನಲ್ಲಿ ಸುಣ್ಣಕಲ್ಲಿನ ನೆಲ ತಾನಾಗಿಯೇ ಕುಸಿದು ಇಂಥ ಆಳವಾದ ನೀರಗುಂಡಿಗಳು ಹುಟ್ಟಿವೆ. ಮೇಲೆ ಹರಿಯುವ ನದಿಯೇ ಇಲ್ಲದ ಆ ನಾಡಿನಲ್ಲಿ ಮಾಯಾ ಜನ ಅವುಗಳ ದಂಡೆಗೇ ಚಿಚೆನ್ ಇಟ್ಸಾದಂಥ ನಗರ ಕಟ್ಟಿದರು. ಆಳಂದದ ಕರಿಕಲ್ಲು ಹಾಗೆಲ್ಲ ತಾನಾಗಿ ಬಾಯಿ ತೆರೆಯುವುದಿಲ್ಲ. ಇಲ್ಲಿಯ ಪ್ರತಿ ಬಾವಿಯನ್ನೂ ಯಾರೋ ಉಳಿ ಸುತ್ತಿಗೆ ಹಿಡಿದು ಕಡಿದಿದ್ದಾರೆ. ಈಗ ಬೋರ್‌ವೆಲ್ ಬಂದ ಮೇಲೆ ಎಷ್ಟೋ ಬಾವಿಗಳಲ್ಲಿ ಹೂಳು, ಮುಳ್ಳುಕಂಟಿ. ನೀರಿರುವ ಬಾವಿ ಯಾವುದೆಂದು ಸುತ್ತಲ ಹುಡುಗರಿಗೆ ಮಾತ್ರ ಸರಿಯಾಗಿ ಗೊತ್ತು.

ಈ ತಾಲ್ಲೂಕಿನ ಮಳೆನೀರಿಗೂ ಒಂದು ದಾರಿಯಿದೆ. ಅಮರ್ಜಾ ಹೊಳೆ ಇಲ್ಲಿಯೇ ಹುಟ್ಟಿ, ಕೊರಳ್ಳಿಯ ಅಣೆಕಟ್ಟಿನಲ್ಲಿ ತಂಗಿ, ದಕ್ಷಿಣಕ್ಕೆ ಹರಿದು ಭೀಮೆಯನ್ನು ಸೇರುತ್ತದೆ. ನೀವೂ ದಕ್ಷಿಣಕ್ಕೇ ಹೊರಡುತ್ತೀರಿ.

ಅಫಜಲಪುರದ ಕಡೆ ಹೋದಂತೆ ಕಪ್ಪು ಹೊಲದ ನಡುವೆ ಕಬ್ಬಿನ ಹಸಿರು ಕಾಣಿಸಿಕೊಂಡರೆ ಹೊಳೆ ಹತ್ತಿರ ಬಂತೆಂದೇ ಅರ್ಥ. ಘತ್ತರಗಿಯಲ್ಲಿ ಭಾಗ್ಯವಂತಿಯ ಗುಡಿಯ ಮುಂದೆ ಕಾಯಿ, ಕುಂಕುಮ, ಹಸಿರು ಬಳೆಯ ಅಂಗಡಿಗಳು. ಅಮಾವಾಸ್ಯೆಯಂದು ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇವತ್ತು ಬಿಡುವಾಗಿದೆ. ಸುಸಲಾ, ಮಿರ್ಚಿ ತಿಂದು ದಂಡೆಗೆ ಇಳಿದರೆ ಬ್ಯಾರೇಜಿನ ಹಿಂದೆ ನಿಂತ ನೀರು. ದಂಡೆಯ ಕಲ್ಲುಗಳ ಮೇಲೆ ಬಲೆ ಒಣಗುತ್ತಿದೆ.

ಸಮುದ್ರ ಇಲ್ಲಿಂದ ಬಹಳ ದೂರ. ಆದರೂ ಕರಾವಳಿಯಲ್ಲಿ ಇರುವುದೆಲ್ಲ ಈ ದಂಡೆಯಲ್ಲೂ ಇದೆ: ಬಲೆ ಹೆಣೆಯುವ ಕೈ, ಬೆಳಗಿನ ಮೀನಿನ ತೂಕ, ದರದ ಜಗಳ, ನೀರನ್ನು ನೋಡಿಯೇ ದಿನ ಲೆಕ್ಕ ಹಾಕುವ ಅಂಬಿಗರ ಮನೆಗಳು. ಹೊಳೆಗೆ ಹೊರಟ ಒಬ್ಬಾತ ನಿಮ್ಮನ್ನು ತೆಪ್ಪಕ್ಕೆ ಹತ್ತಿಸಿಕೊಳ್ಳುತ್ತಾನೆ. ಒಂದೇ ಹುಟ್ಟು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ. ತೆಪ್ಪ ಗರಗರ ತಿರುಗುತ್ತಲೇ ಮುಂದೆ ಸಾಗುತ್ತದೆ. ರಾತ್ರಿ ಬಿಟ್ಟ ಬಲೆಯಲ್ಲಿ ನಾಲ್ಕು ರೋಹು, ಒಂದು ಕಟ್ಲಾ. ಕೈ ನೀರಿಗಿಳಿಸಿದರೆ ಆತ ಗದರುತ್ತಾನೆ.

"ಕೈ ಒಳಗ ತಗೋರಿ ಅಣ್ಣಾ. ಹೊಳ್ಯಾಗ ಮೊಸಳಿ ಅದಾವ."

"ಮತ್ತ ನೀವು ದಿನಾ ಇಳೀತೀರಲ್ಲ?"

"ನಮಗ ಅವು ಎಲ್ಲಿ ಮಲಗ್ತಾವ ಗೊತ್ತದರಿ. ಅದಕ್ಕಿಂತ ಮರಳ ತಗದ ತಗ್ಗು ಕೆಟ್ಟ. ನಿನ್ನಿ ಮೊಣಕಾಲುದ್ದ ಇದ್ದ ಜಾಗಾ ಇವತ್ತ ಆಳ ಆಗಿರ್ತದ."

ಈ ದಂಡೆಯಲ್ಲಿ ಈಜುವವನಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇರೆ ಬೇಕಿಲ್ಲ. ಮರಳು ಎತ್ತಿದ ಹೊಳೆಗೆ ತಳ ಎಂಬುದು ನಿಂತ ಕಡೆ ನಿಲ್ಲುವುದಿಲ್ಲ.

ನಡುಹಗಲಿಗೆ ಗಾಣಗಾಪುರ. ಊರೊಳಗಿನ ಮಠದಲ್ಲಿ ದತ್ತಾತ್ರೇಯರ ಅವತಾರವೆಂದು ನಂಬಲಾದ ನರಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆ. ಮಹಾರಾಷ್ಟ್ರದಿಂದ ಬಂದವರ ಮರಾಠಿ, ಅಂಗಡಿಯವರ ಕನ್ನಡ, ಎರಡೂ ಬೆರೆತ ಚೌಕಾಸಿ. ಮಧ್ಯಾಹ್ನದ ಹೊತ್ತಿಗೆ ಜೋಳಿಗೆ ಹಿಡಿದವರು ಬೀದಿಗೆ ಬರುತ್ತಾರೆ. ಇದು ಮಧುಕರಿ, ಕಡಿಮೆಯೆಂದರೆ ಐದು ಮನೆಯ ಭಿಕ್ಷೆ. ಕಾರಿನಲ್ಲಿ ಬಂದಿಳಿದ ವ್ಯಾಪಾರಿಯೂ ಬರಿಗಾಲಲ್ಲಿ ಹೊಸ್ತಿಲ ಮುಂದೆ ನಿಲ್ಲುತ್ತಾನೆ. ಗುರುವೇ ಯಾವುದೋ ರೂಪದಲ್ಲಿ ಆ ಹೊತ್ತಿಗೆ ಇಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ. ಹಾಗಾಗಿ ಹಾಕುವವರೂ ಬೇಡುವವರ ಮುಖವನ್ನು ಒಮ್ಮೆ ದಿಟ್ಟಿಸಿ ನೋಡುತ್ತಾರೆ.

ಅಲ್ಲಿಂದ ಸುಮಾರು ಮೂರು ಕಿಲೋಮೀಟರು ಸಂಗಮ. ಬೆಳಿಗ್ಗೆ ನೀವು ಬಿಟ್ಟುಬಂದ ಆಳಂದದ ಅಮರ್ಜಾ ಇಲ್ಲಿ ಭೀಮೆಗೆ ಸೇರುತ್ತದೆ. ಔದುಂಬರದ ಸುತ್ತ ಗುರುಚರಿತ್ರೆಯ ಪಾರಾಯಣ ನಡೆದಿದೆ, ಪ್ರದಕ್ಷಿಣೆ ಹಾಕುವವರ ಒದ್ದೆ ಬಟ್ಟೆಯಿಂದ ಕಲ್ಲಹಾಸು ನೀರಾಡುತ್ತಿದೆ. ಬೇಸಿಗೆಯ ಭೀಮೆಗೆ ನೀವಂದುಕೊಂಡಷ್ಟು ಅಗಲವಿಲ್ಲ. ಮುಳುಗು ಹಾಕಬೇಕೆಂದರೆ ಮೊಣಕಾಲು ಮಡಚಿ ಕುಳಿತುಕೊಳ್ಳಬೇಕು. ಸೊಲ್ಲಾಪುರದ ಅಜ್ಜಿಯೊಬ್ಬರು ಕೈತಂಬಿಗೆಯಲ್ಲಿ ನೀರು ಮೊಗೆದು ತಲೆಗೆ ಸುರಿದುಕೊಳ್ಳುತ್ತಿದ್ದಾರೆ. ಅವರ ಊರಿನ ಜಿಲ್ಲೆಯಲ್ಲೇ ಉಜನಿ ಅಣೆಕಟ್ಟು ಇರುವುದು, 117 ಟಿಎಂಸಿ ಅಡಿಯದು. ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರು ಹರಿಯುವ ಈ ಹೊಳೆ ಅಫಜಲಪುರಕ್ಕೆ ಎಷ್ಟು ಬರಬೇಕು, ಯಾವಾಗ ಬರಬೇಕು ಎಂಬುದು ಆ ಗೇಟುಗಳಲ್ಲಿ ತೀರ್ಮಾನವಾಗುತ್ತದೆ. 2020ರ ಅಕ್ಟೋಬರಿನಲ್ಲಿ ಗೇಟು ತೆರೆದಾಗ ಅಫಜಲಪುರ, ಜೇವರ್ಗಿಯ ದಂಡೆಯ ಹಳ್ಳಿಗಳು ನೀರಲ್ಲಿ ನಿಂತವು. ಬೇಸಿಗೆಯಲ್ಲಿ ಅದೇ ಹಳ್ಳಿಗಳು ನೀರು ಬಿಡಿಸಿ ಎಂದು ಧರಣಿ ಕೂರುತ್ತವೆ.

ಇಳಿಹೊತ್ತಿಗೆ ಕಲಬುರಗಿ ಮುಟ್ಟಿ ಜೇವರ್ಗಿಯ ರಸ್ತೆ ಹಿಡಿಯುತ್ತೀರಿ. ಕಟ್ಟಿಸಂಗಾವಿ ಸೇತುವೆಗೆ ಮೊದಲೇ ಕಲ್ಲಿನ ಗೋಡೆಯೊಂದು ಕಣ್ಣಿಗೆ ಬಿದ್ದು, ಕೊನೆಯೇ ಇಲ್ಲದಂತೆ ಹೊಲಗಳಗುಂಟ ಓಡುತ್ತದೆ. ಫಿರೋಜಾಬಾದ್. 1397ರಲ್ಲಿ ಪಟ್ಟವೇರಿದ ಬಹಮನಿ ಸುಲ್ತಾನ ಫಿರೋಜ್ ಶಾ, 1400ರ ಸುಮಾರಿಗೆ ಕಟ್ಟಿದ ಅರಮನೆಯ ನಗರ. ಗೋಡೆ ಮೂರೇ ಕಡೆ. ನಾಲ್ಕನೆಯ ಕಡೆ ಭೀಮೆಯನ್ನೇ ನಂಬಿದ.

ಹೆಬ್ಬಾಗಿಲಿನ ಕಮಾನಿನಡಿ ದಾಟಿದರೆ ಒಳಗೆ ಹೊಲ. ಒಂದು ಕಾಲಕ್ಕೆ ಆನೆ ನಡೆದಿರಬಹುದಾದ ಜಾಗದಲ್ಲಿ ಎತ್ತಿನ ಬಂಡಿಯ ಜಾಡು. ಜಾಮಿ ಮಸೀದಿಯ ದೊಡ್ಡ ಅಂಗಳದಲ್ಲಿ ಆಡು ಮೇಯುತ್ತಿವೆ. ಮುಳ್ಳುಜಾಲಿ ಸರಿಸಿ ಇನ್ನೊಂದಿಷ್ಟು ನಡೆದರೆ ಗುಮ್ಮಟದ ಸಾಲು: ಹಮಾಮು. ದಖ್ಖನ್ನಿನಲ್ಲಿ ಉಳಿದಿರುವ ಸ್ನಾನಗೃಹಗಳಲ್ಲಿ ಬಹಳ ಹಳೆಯವು ಇಲ್ಲಿವೆ. ಒಳಗೆ ಕತ್ತಲೆ, ಬಾವಲಿಯ ವಾಸನೆ. ಚಾವಣಿಯ ತೂತುಗಳಿಂದ ಬೆಳಕಿನ ಕೋಲುಗಳು ಇಳಿದಿವೆ. ಇಲ್ಲಿ ನೀರು ಕಾಯಿಸಿ, ಹಬೆ ಎಬ್ಬಿಸಿ ಮಿಂದವರು ಹೆಚ್ಚು ಕಾಲ ಇರಲಿಲ್ಲ. ಫಿರೋಜ್ 1422ರಲ್ಲಿ ತೀರಿಕೊಂಡ. ತಮ್ಮ ಅಹಮದ್ ಶಾ ರಾಜಧಾನಿಯನ್ನು ಬೀದರಿಗೆ ಒಯ್ದ. ಊರು ಖಾಲಿಯಾಯಿತು. ಜಾರ್ಜ್ ಮಿಶೆಲ್ ಮತ್ತು ರಿಚರ್ಡ್ ಈಟನ್ 1992ರಲ್ಲಿ ಈ ನಗರದ ಮೇಲೆ ಒಂದು ಪುಸ್ತಕವನ್ನೇ ತಂದರು. ಆದರೂ ಹಂಪಿ, ಬೀದರಿಗೆ ಹೋಗುವ ಬಸ್ಸುಗಳು ಇಲ್ಲಿ ನಿಲ್ಲುವುದಿಲ್ಲ.

ಪಡುವಣ ಅಂಚಿಗೆ ಬನ್ನಿ. ಇಲ್ಲಿ ಗೋಡೆಯಿಲ್ಲ, ದಂಡೆಯಿದೆ. ಸುಲ್ತಾನನ ನಾಲ್ಕನೇ ಗೋಡೆಯಲ್ಲಿ ಈಗ ಎಮ್ಮೆಗಳು ಬಿದ್ದುಕೊಂಡಿವೆ. ಅವುಗಳ ನಡುವೆ ಇಬ್ಬರು ಹುಡುಗರು ಎದೆಯುದ್ದದ ನೀರಲ್ಲಿ ನಡೆದೇ ಆಚೆ ದಡ ಸೇರುತ್ತಾರೆ. ಗೋಡೆಗಾದರೆ ಆರುನೂರು ವರ್ಷದ ಕಲ್ಲು ಇನ್ನೂ ಅಲ್ಲಲ್ಲಿ ಭದ್ರ. ಕೋಟೆಗೆ ಹೊಳೆಯ ಕಡೆಯಿಂದಲೇ ಬಾಗಿಲು ತೆರೆದುಕೊಂಡಿದೆ.

ಸೇತುವೆ ದಾಟಿ ಜೇವರ್ಗಿ ಮುಟ್ಟುವಾಗ ದೀಪ ಹತ್ತಿವೆ. ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಪಕ್ಕದ ಮೇಜಿನ ರೈತರಿಬ್ಬರು ಮೊಬೈಲ್ ಮೇಲೆ ಬಾಗಿದ್ದಾರೆ.

"ಉಜನಿಯಿಂದ ನೀರ ಬಿಟ್ಟಾರಂತ ನೋಡು."

"ಯಾರು ಹೇಳಿದ್ರು?"

"ಗ್ರೂಪಿನ್ಯಾಗ ಬಂದದ."

"ಗ್ರೂಪಿನ್ಯಾಗ ಬಂದದ್ದು ಹೊಳ್ಯಾಗ ಬರಬೇಕಲ್ಲೋ ತಮ್ಮಾ," ಎಂದು ಹಿರಿಯ ರೊಟ್ಟಿ ಮುರಿಯುತ್ತಾನೆ, "ಸೊನ್ನ ಬ್ಯಾರೇಜ್ ದಾಟ್ಲಿ, ಆಮ್ಯಾಲ ಮೋಟರ್ ಇಳಿಸೂಣು."