ಕನಮಡಿಯ ದಾರಿಯಲ್ಲಿ

ವಿಜಯಪುರದಿಂದ ಪಶ್ಚಿಮಕ್ಕೆ, ತಿಕೋಟಾ ದಾಟಿ ಕನಮಡಿಗೆ ಹೊರಟ ನಮ್ಮೊಡನೆ ಬಿ.ಎಸ್‌ಸಿ. ತರಗತಿಯಲ್ಲಿ ಗಣಿತವನ್ನು ಓದುವ ಸೋದರಳಿಯನಿದ್ದನು. ದ್ರಾಕ್ಷಿಯ ತೋಟಗಳೂ ಜೋಳದ ಹೊಲಗಳೂ ಹಿಂದೆ ಸರಿದುವು. ಮಹಾರಾಷ್ಟ್ರದ ಗಡಿಯು ಸಮೀಪಿಸಿದಂತೆ ಅವನು, “ಮಾಮಾ, ಭಾಸ್ಕರಾಚಾರ್ಯರು ನಮ್ಮವರೋ, ಅವರವರೋ?” ಎಂದು ಕೇಳಿದನು.

1114ರಲ್ಲಿ ಜನಿಸಿದ ಆಚಾರ್ಯರು ತಮ್ಮೂರು ಸಹ್ಯಾದ್ರಿಯ ಆಶ್ರಯದ ವಿಜ್ಜಡವಿಡವೆಂದು ಹೇಳಿಕೊಂಡಿರುವರು. ಅದು ನಮ್ಮ ವಿಜಯಪುರವೇ ಎಂದು ಕೆಲವು ವಿದ್ವಾಂಸರ ಮತ. ನಮಗೂ ಅದೇ ಆಸೆ. ಆದರೆ ಸಹ್ಯಾದ್ರಿ ಇಲ್ಲಿಂದ ಎಷ್ಟು ದೂರ! ಮೇಲಾಗಿ, ತಾತನ ಗ್ರಂಥಗಳ ಅಧ್ಯಯನಕ್ಕೆಂದು ಮೊಮ್ಮಗ ಚಂಗದೇವನು ಮಠವನ್ನು ಸ್ಥಾಪಿಸಿದುದನ್ನು ತಿಳಿಸುವ 1207ರ ಶಾಸನವಿರುವುದು ಚಾಳೀಸಗಾಂವದ ಬಳಿಯ ಪಾಟಣದಲ್ಲಿ. ಅಭಿಮಾನಕ್ಕಾಗಿ ಶಾಸನವನ್ನು ಮರೆಮಾಚಲಾದೀತೆ? ಹುಡುಗನ ಮುಖ ಬಾಡಿತು.

ಕನಮಡಿಯಲ್ಲಿಳಿದು ಬೇವಿನ ನೆರಳಿನಲ್ಲಿ ಕುಳಿತಾಗ, ಆಚಾರ್ಯರು 36ನೆಯ ವಯಸ್ಸಿನಲ್ಲಿ ರಚಿಸಿದ ‘ಲೀಲಾವತಿ’ಯ ಲೆಕ್ಕವೊಂದನ್ನು ಅವನಿಗೆ ಕೊಟ್ಟೆವು. 32 ಮೊಳದ ಬಿದಿರು ಗಾಳಿಗೆ ಮುರಿದು, ಅದರ ತುದಿ ಬುಡದಿಂದ 16 ಮೊಳದಾಚೆ ನೆಲವನ್ನು ಮುಟ್ಟಿದರೆ, ಮುರಿದುದು ಎಷ್ಟು ಎತ್ತರದಲ್ಲಿ? ಅವನು ಕಡ್ಡಿಯಿಂದ ಮಣ್ಣಿನಲ್ಲಿ ತ್ರಿಕೋನವನ್ನೆಳೆದು, ವರ್ಗಗಳನ್ನು ಕೂಡಿ ಕಳೆದು, “12 ಮೊಳ!” ಎಂದು ಎದ್ದು ನಿಂತನು.

ಪಕ್ಕದಲ್ಲಿ ಕುಳಿತಿದ್ದ ವೃದ್ಧರು ಬಾಗಿ ನೋಡಿ, “ಆ ಬಿದಿರು ಯಾವೂರದ್ದರೀ?” ಎಂದರು.